ಎಂಜಲಾದ ಶಾರ್ಕ್ ಹಲ್ಲು

ಅವನು ಸತ್ತುಬಿದ್ದಿದ್ದಾನೆ ಎಂದುಕೊಂಡೇ ನಾನು ಓಡಿದ್ದು.

೨೦೨೦ರ ನವೆಂಬರ್. ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ನನ್ನ ಐದು ಕಿಲೋಮೀಟರ್ ಐರ್ಲೆಂಡಿನ ಕಾರ್ಕ್ ಬಂದರಿನ ಬಾಯಿಯ ಹತ್ತಿರ, ಒಂದು ಸುಣ್ಣಕಲ್ಲಿನ ದಂಡೆಯಲ್ಲಿ ಮುಗಿಯುತ್ತಿತ್ತು. ಅಲ್ಲಿ ಒಬ್ಬ ಗಂಡಸು ಬಂಡೆಯ ಮೇಲೆ ಬೋರಲಾಗಿ ಮಲಗಿದ್ದ. ಜನ ನಿಂತಲ್ಲೇ ಕುಸಿದು ಬೀಳುತ್ತಾರೆ ಎಂದು ನಂಬುವಷ್ಟು ಸುದ್ದಿ ನೋಡಿದ್ದೆ ಆಗ. ಓಡಿಹೋಗಿ, ಎರಡು ಮೀಟರ್ ದೂರದಲ್ಲಿ ಗಕ್ಕನೆ ನಿಂತು, "ಆರ್ ಯು ಓಕೆ?" ಎಂದು ಕಿರುಚಿದೆ.

ಅವನು ಬೆಚ್ಚಿಬಿದ್ದು ಮೊಣಕೈ ಬಡಿಸಿಕೊಂಡ. "ಅಯ್ಯೋ ದೇವರೇ, ಕೈ ಹೋಯ್ತು!"

"ಕನ್ನಡದವ್ರಾ? ಏನ್ರೀ ಮಾಡ್ತಿದೀರ ಇಲ್ಲಿ?"

"ಹಲ್ಲು ಹುಡುಕ್ತಾ ಇದ್ದೇನೆ."

"ಯಾರ್ದು?"

"ಶಾರ್ಕಿಂದು. ಈ ಕಲ್ಲಲ್ಲಿ ಉಂಟು ಮಾರಾಯ್ರೆ. ಮೂವತ್ನಾಲ್ಕು ಕೋಟಿ ವರ್ಷದ್ದು."

ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಮೊಣಕೈ ನೋವಿಗೆ ನೀರು ತುಂಬಿಕೊಂಡಿದ್ದರೂ ನಗುತ್ತಿದ್ದವು. ನನಗೆ ಮೊದಲು ಬಂದದ್ದು ಸಿಟ್ಟು. ಸುಮ್ಮನೆ ಓಡಿಸಿದನಲ್ಲ ಎಂದು.

ಅವನ ಹೆಸರು ಅಲೋಶಿಯಸ್. ಉಡುಪಿ ಕಡೆಯ ಶಿರ್ವದವನು, ಇಲ್ಲಿ ಒಂದು ನರ್ಸಿಂಗ್ ಹೋಮಿನ ಮ್ಯಾನೇಜರ್. ನಾನು ಮೈಸೂರಿನ ಕಾತ್ಯಾಯಿನಿ, ಮೂವತ್ತಾರು ವರ್ಷ, ಪಕ್ಕದೂರು ರಿಂಗಾಸ್ಕಿಡಿಯ ಔಷಧಿ ಫ್ಯಾಕ್ಟರಿಯೊಂದರ ದಾಖಲೆಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆಗ ಮನೆಯಿಂದಲೇ ಹುಡುಕುತ್ತಿದ್ದೆ.

ಅವನ ಐದು ಕಿಲೋಮೀಟರ್ ಆಚೆ ದಿಕ್ಕಿನಿಂದ ಬಂದು ಅದೇ ದಂಡೆಯಲ್ಲಿ ಮುಗಿಯುತ್ತಿತ್ತು. ನಮ್ಮಿಬ್ಬರಿಗೂ ಸೇರಿದ ಜಾಗ ಮುನ್ನೂರು ಹೆಜ್ಜೆಯಷ್ಟೇ. ಅದೂ ಇಳಿತವಿದ್ದಾಗ ಮಾತ್ರ. ಹಾಗಾಗಿ ಯಾವ ಭಾನುವಾರ ಹಗಲಿನಲ್ಲಿ ಸಮುದ್ರ ಹಿಂದೆ ಸರಿಯುತ್ತದೆಂದು ನೋಡಿ ಮೆಸೇಜ್ ಮಾಡುವುದು ಅವನ ಪಾಲಿನ ಕೆಲಸವಾಯಿತು. "ನಾಳೆ ಹನ್ನೊಂದೂವರೆ. ನೀರು ಚೆಂದ ಇಳಿತದೆ. ಬರ್ತೀರಾ?" ಎಂಬುದಕ್ಕಿಂತ ಹೆಚ್ಚಿಗೆ ಅವನು ಬರೆಯುತ್ತಿರಲಿಲ್ಲ. ನಾನು ಅದನ್ನೇ ಹತ್ತು ಸಲ ಓದುತ್ತಿದ್ದೆ.

"ಶಾರ್ಕಿನ ಹಲ್ಲು ಅಂದ್ರೆ ಚೂಪಾಗಿರಲ್ವಾ?"

"ಇದು ಚಿಪ್ಪು ಜಗಿಯುವ ಜಾತಿ. ಚಪ್ಪಟೆ. ಹುಣಸೆಬೀಜ ನೋಡಿದ್ದೀರಲ್ಲ, ಹಾಗೆ ಹೊಳೆಯುದು."

ಒಣಗಿದ ಕಲ್ಲಿನಲ್ಲಿ ಹಲ್ಲೂ ಕಲ್ಲೂ ಒಂದೇ ಥರ. ಅನುಮಾನ ಬಂದರೆ ಅವನು ಮಾಸ್ಕ್ ಇಳಿಸಿ, ಕಲ್ಲಿಗೆ ನಾಲಗೆ ತಾಗಿಸಿ ನೋಡುತ್ತಿದ್ದ. ಕಲ್ಲಾದರೆ ತರಿತರಿ, ಹಲ್ಲಾದರೆ ನುಣ್ಣಗೆ. ಒದ್ದೆಯಾದರೆ ಹೊಳಪೂ ಕಾಣುತ್ತದೆ. ಹುಡುಕುವವರೆಲ್ಲ ಹೀಗೇ ಮಾಡುತ್ತಾರಂತೆ. ನಾನು ಮುಖ ಕಿವುಚಿದಾಗ ಅವನು ಬೇಕೆಂದೇ ಇನ್ನೊಂದು ಕಲ್ಲು ನೆಕ್ಕುತ್ತಿದ್ದ.

ಸಿಕ್ಕಿದ್ದನ್ನು ನನಗೆ ತೋರಿಸುವ ಕ್ರಮವೂ ಇತ್ತು. ಚಪ್ಪಟೆ ಬಂಡೆಯ ಮೇಲಿಟ್ಟು ಅವನು ಎರಡು ಮೀಟರ್ ಹಿಂದೆ ಹೋಗಬೇಕು. ಆಮೇಲೆ ನಾನು ಗ್ಲೌಸ್ ಹಾಕಿದ ಕೈಯಲ್ಲಿ ಎತ್ತಿಕೊಳ್ಳಬೇಕು. ಈ ನಿಯಮ ನನ್ನದು. ಯಾಕೆಂದರೆ ಮನೆಯಲ್ಲಿ ಅಕ್ಕ ಇದ್ದಳು.

ಗೀತಕ್ಕನಿಗೆ ಸ್ತನದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಕೀಮೊ. ಒಂದು ನೆಗಡಿ ಬಂದರೂ ಕಷ್ಟ ಎಂದಿದ್ದರು ಡಾಕ್ಟರ್. ಭಾವ ವಿಶ್ವೇಶ್ವರ ಮೂರು ತಾಸು ದೂರದ ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಗೆ ದಿನಾ ಹೋಗಲೇಬೇಕಿದ್ದರಿಂದ, ಸೋಂಕು ತರುವುದು ಬೇಡವೆಂದು ಅಲ್ಲೇ ರೂಮ್ ಮಾಡಿಕೊಂಡಿದ್ದರು. ಅಕ್ಕನನ್ನು ನನ್ನ ಕೈಗೆ ಒಪ್ಪಿಸಿ ಹೋಗಿದ್ದರು.

ನಾನು ದಂಡೆಯಿಂದ ಬಂದು ಬಟ್ಟೆ ಬದಲಿಸುವ ಮೊದಲೇ ಅಕ್ಕ ಒಳಗಿನಿಂದ ಕೂಗುತ್ತಿದ್ದಳು. "ಹಲ್ಲಿನ ಡಾಕ್ಟರ್ ಸಿಕ್ಕಿದ್ರೇನೇ?"

"ಸುಮ್ನಿರಕ್ಕ."

"ನೀನು ತುಟಿಗೆ ಬಣ್ಣ ಹಚ್ಕೊಂಡು ಹೋದೆ. ಮಾಸ್ಕ್ ಒಳಗೆ ಯಾರಿಗೇ ಕಾಣ್ಬೇಕು ಅದು?"

ಜನವರಿ ಬಂತು. ಕ್ರಿಸ್‌ಮಸ್ ಹಬ್ಬಕ್ಕೆ ನಿರ್ಬಂಧ ಸಡಿಲಿಸಿದ್ದರ ಫಲ ಆ ತಿಂಗಳು ಸಿಕ್ಕಿತು. ಅಲೋಶಿಯಸ್‌ನ ನರ್ಸಿಂಗ್ ಹೋಮಿನೊಳಗೂ ಸೋಂಕು ಹೊಕ್ಕಿತು. ಮೊದಲ ಭಾನುವಾರ ಅವನು ಬಂದ, ಆದರೆ ಬಗ್ಗಿ ಹುಡುಕಲಿಲ್ಲ.

"ಮೊನ್ನೆ ಒಬ್ರು ಅಜ್ಜಿ," ಎಂದ. "ಮನೆಯವರನ್ನ ಒಳಗೆ ಬಿಡುವ ಹಾಗಿಲ್ಲ. ಫೋನ್ ನಾನೇ ಹಿಡಿದದ್ದು. ಮಗ ಆ ಕಡೆಯಿಂದ ಹಾಡು ಹೇಳಿದ. ಅವರು ಹೋದ ಮೇಲೂ ಹೇಳ್ತಾ ಇದ್ದ. ನಿಲ್ಲಿಸಿ ಅಂತ ನಾನು ಹೇಗೆ ಹೇಳುದು?"

ಎರಡು ಮೀಟರ್ ದೂರದಿಂದ ಒಬ್ಬ ಮನುಷ್ಯನನ್ನು ಸಮಾಧಾನ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಜನವರಿಯ ಎರಡನೇ ಭಾನುವಾರ ಅದು ಸಿಕ್ಕಿತು. ಅವನು ಅಂಗೈಯಗಲದ ಕಲ್ಲೊಂದನ್ನು ಎತ್ತಿ, ನಾಲಗೆ ತಾಗಿಸಿ, "ಕಾತ್ಯಾಯಿನೀ!" ಎಂದು ಕೂಗಿದ. ಮೊದಲ ಸಲ ಬರೀ ಹೆಸರು. ಬಂಡೆಯ ಮೇಲಿಟ್ಟು ಹಿಂದೆ ಸರಿದ. ನಾನು ಎತ್ತಿಕೊಂಡೆ. ಕಪ್ಪಗೆ, ಒದ್ದೆಯಾಗಿ, ಹೊಳೆಯುತ್ತಿತ್ತು.

"ಹಲ್ಲು ಅಂತ ಗ್ಯಾರಂಟಿನಾ?"

"ನೀವೇ ನೋಡಿ ಬೇಕಾದ್ರೆ," ಎಂದ ತಮಾಷೆಗೆ.

ನಮ್ಮ ಮನೆಯಲ್ಲಿ ಲೋಟ ಎತ್ತಿಯೇ ಕುಡಿಯಬೇಕು. ಒಡಹುಟ್ಟಿದ ಅಕ್ಕನ ತಟ್ಟೆಯಿಂದಲೂ ನಾನು ತುತ್ತು ತೆಗೆದವಳಲ್ಲ. ಎಂಜಲು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಸೋಂಕು ಎಂದರೆ ಏನೆಂದೂ ಹೇಳಿಕೊಡಬೇಕಿರಲಿಲ್ಲ. ನಾನು ಮಾಸ್ಕ್ ಇಳಿಸಿದೆ. ಅವನ ಕಣ್ಣು ನೋಡುತ್ತಲೇ ನಾಲಗೆ ತಾಗಿಸಿದೆ. ನುಣ್ಣಗಿತ್ತು.

ಅವನ ನಗು ನಿಂತಿತು. ನನ್ನ ಮುಖ ಅವನು ಪೂರ್ತಿ ನೋಡಿದ್ದು ಅದೇ ಮೊದಲು. ಕಣ್ಣಿನಿಂದ ಮೂಗಿಗೆ, ಮೂಗಿನಿಂದ ತುಟಿಗೆ, ಬಣ್ಣ ಹಚ್ಚಿದ್ದೂ ಕಂಡಿರಬೇಕು. "ನೀನು..." ಎಂದ. ಮನೆಗೆ ಬರುವಷ್ಟರಲ್ಲಿ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಮೈಮರೆತು ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇಕೆಂದೇ ಮಾಡಿದೆ.

ಮಂಗಳವಾರ ಅವನ ಮೆಸೇಜ್ ಬಂತು. "ಪಾಸಿಟಿವ್. ಜ್ವರ ಉಂಟು. ಆ ಕಲ್ಲು... ಸಾರಿ."

ಆ ಕ್ಷಣವೇ ಅಕ್ಕನಿಗೆ ಹೇಳಬೇಕಿತ್ತು. ಹೇಳಿದ್ದರೆ ನಾನು ಮನೆ ಬಿಟ್ಟು ಎಲ್ಲಾದರೂ ಇರುತ್ತಿದ್ದೆ, ಭಾವ ಬರುತ್ತಿದ್ದರು. ಆದರೆ ಏನೆಂದು ಹೇಳಲಿ? ಗಂಡಸೊಬ್ಬನ ಎಂಜಲು ಕಲ್ಲನ್ನು ನೆಕ್ಕಿದೆ ಎಂದೇ? ನಾಚಿಕೆ. ಇಷ್ಟೇ ಕಾರಣ. ಆಡಿಟ್ ಇದೆ ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ. ಮಾಸ್ಕ್ ಹಾಕಿಕೊಂಡು ಸಾರು ಮಾಡಿ ಅವಳ ಬಾಗಿಲಿನ ಹತ್ತಿರ ಇಡುತ್ತಿದ್ದೆ. ಮೂರು ದಿನ ಹೀಗೆ.

ಶುಕ್ರವಾರ ಅಕ್ಕನಿಗೆ ಜ್ವರ ಬಂತು. ಹಿಂದಿನ ವಾರದ ಗುರುವಾರ ಅವಳು ಕೀಮೊಗೆಂದು ಆಸ್ಪತ್ರೆಗೂ ಹೋಗಿ ಬಂದಿದ್ದಳು. ಆಂಬ್ಯುಲೆನ್ಸಿಗೆ ಕಾಯುವಾಗ ಎಲ್ಲ ಹೇಳಿದೆ.

ಅವಳು ನನ್ನನ್ನೇ ನೋಡಿದಳು. "ಅವತ್ತೇ ಹೇಳ್ಬೇಕಿತ್ತು ಕಣೇ," ಎಂದಳು. "ನಾನೇನು ಹೊಡೀತಿದ್ನಾ?"

ಇಬ್ಬರದೂ ಪಾಸಿಟಿವ್ ಬಂತು. ನನಗೆ ಒಂದು ಕೆಮ್ಮೂ ಇರಲಿಲ್ಲ. ಯಾರಿಂದ ಯಾರಿಗೆ ಎಂದು ಕೇಳಿದರೆ, ಹೇಳಲು ಬರುವುದಿಲ್ಲ ಎಂದಳು ಫೋನಿನಲ್ಲಿ ನರ್ಸ್.

ಎಂಟನೇ ದಿನ ಅಕ್ಕ ವಿಡಿಯೋ ಕಾಲ್ ಮಾಡಿದಳು. ಪ್ರತಿ ಪದಕ್ಕೂ ಉಸಿರು ಎಳೆಯುತ್ತಿದ್ದಳು. "ನಿಮ್ಮ ಭಾವಂಗೆ ಆಸ್ಪತ್ರೆಯಿಂದ ಬಂತು ಅಂದಿದೀನಿ. ಆ ಹುಡುಗನಿಗೂ ಹಾಗೇ ಹೇಳು. ನಿಜ ಹೇಳ್ಬೇಡ."

"ಯಾಕಕ್ಕ?"

"ಹೇಳಿದ್ರೆ ಅವನು ನಿನ್ನ ಮುಖ ನೋಡಲ್ಲ. ಒಂಟಿಯಾಗ್ತೀಯ. ಆಣೆ ಮಾಡು."

ಮಾಡಿದೆ. ಜನವರಿ ಮೂವತ್ತಕ್ಕೆ ಅಕ್ಕ ಹೋದಳು.

ರಿಂಗಾಸ್ಕಿಡಿಯ ಚಿತಾಗಾರಕ್ಕೆ ಹತ್ತೇ ಜನ ಬರಬಹುದಿತ್ತು. ನಾವು ಹತ್ತೂ ಜನ ಇರಲಿಲ್ಲ. ಹೊರಗೆ ಕಾರ್ ಪಾರ್ಕಿನಲ್ಲಿ ಭಾವನಿಗೆ ನಿಜ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಅಳಲಿಲ್ಲ, ಕಾರು ಹತ್ತಿ ಹೊರಟುಹೋದರು. ಅಂದಿನಿಂದ ನನ್ನ ಫೋನ್ ಎತ್ತಿಲ್ಲ.

ಅಲೋಶಿಯಸ್ ಮೂರು ವಾರ ಮಲಗಿದ್ದ. ಅಕ್ಕ ಹೋದಳೆಂದು ಅವನಿಗೆ ಮೆಸೇಜ್ ಮಾಡಿದ್ದೆ, ಅಷ್ಟೇ. ಫೆಬ್ರವರಿಯ ಕೊನೆಯಲ್ಲಿ ಬರೆದ. "ನಾಳೆ ಒಂದೂವರೆಗೆ ಇಳಿತ." ಈ ಸಲ ಬರ್ತೀರಾ ಎಂದು ಕೇಳಿರಲಿಲ್ಲ.

ಹೋದೆ. ಅವನು ಬಂಡೆಯ ಮೇಲೆ ಕೂತಿದ್ದ. ಜಾಕೆಟ್ ಭುಜದಲ್ಲಿ ಜೋತುಬಿದ್ದಿತ್ತು, ಅಷ್ಟು ಇಳಿದುಹೋಗಿದ್ದ. ಹುಷಾರಾ ಎಂದು ಕೇಳಿದೆ. "ಗ್ರ್ಯಾಂಡ್," ಎಂದ, ಆರಾಮ ಎನ್ನಲು ಇಲ್ಲಿನವರು ಹೇಳುವ ಹಾಗೆ. ಮಾಸ್ಕಿನ ಮೇಲಿನ ಕಣ್ಣುಗಳು ನಗುತ್ತಿರಲಿಲ್ಲ.

"ಒಂದು ಕೇಳ್ಬೇಕು," ಎಂದ. "ನಿನ್ನ ಅಕ್ಕನಿಗೆ ನನ್ನಿಂದ ಹೋದದ್ದಾ?"

ಆಸ್ಪತ್ರೆಯಿಂದ ಬಂತು. ಎರಡೇ ಪದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹೇಳಿದ್ದರೆ ಅವನು ನನ್ನವನಾಗುತ್ತಿದ್ದ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಅವನನ್ನು ನಾನು ಎಷ್ಟು ಬಯಸಿದ್ದೆನೆಂದರೆ ಅದನ್ನು ನೆನೆದು ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

"ಇರಬಹುದು," ಎಂದೆ. "ನಿನ್ನಿಂದ ನಂಗೆ, ನನ್ನಿಂದ ಅವಳಿಗೆ. ಆಸ್ಪತ್ರೆಯಿಂದ್ಲೂ ಇರಬಹುದು. ಇನ್ನು ಗೊತ್ತಾಗಲ್ಲ. ನಿಂಗೆ ಹೇಳ್ಬೇಡ ಅಂತ ಅಕ್ಕ ಆಣೆ ಹಾಕಿಸ್ಕೊಂಡಿದ್ಲು."

"ಮತ್ತೆ ಯಾಕೆ ಹೇಳಿದ್ದು?"

"ಒಂದ್ಸಲ ಮುಚ್ಚಿಟ್ಟು ಅವಳನ್ನ ಕಳ್ಕೊಂಡೆ. ಇನ್ನೊಂದ್ಸಲ ನನ್ನಿಂದ ಆಗಲ್ಲ."

ಅವನು ಮಾಸ್ಕ್ ತೆಗೆದು ಮುಖ ಒರೆಸಿಕೊಂಡ. ನಾನು ಎರಡು ಮೀಟರ್ ದೂರದಲ್ಲೇ ನಿಂತಿದ್ದೆ.

"ನಾನು ಹೋಗ್ಲಾ?" ಎಂದ ಕೊನೆಗೆ.

"ನಿನ್ನಿಷ್ಟ. ನಂಗೆ ನೀನು ಬೇಕು, ಅದನ್ನೂ ಮುಚ್ಚಿಡಲ್ಲ. ಆದ್ರೆ ನಿನ್ನ ಮುಖ ನೋಡಿದಾಗೆಲ್ಲ ನಂಗೆ ಅಕ್ಕನೇ ಕಾಣ್ತಾಳೆ. ನಿಂಗೂ ಹಾಗೇ ಆಗುತ್ತೆ. ಇದು ಹೋಗಲ್ಲ. ಇದ್ರ ಜೊತೆ ಇರೋಕಾಗೋ ಹಾಗಿದ್ರೆ ಇರು."

ಅವನು ಎದ್ದ. ಹೊರಟನೆಂದೇ ಅಂದುಕೊಂಡೆ. ನಾನು ಸಮುದ್ರದ ಕಡೆ ತಿರುಗಿ ನಿಂತೆ, ಅವನು ಹೋಗುವುದನ್ನು ನೋಡುವ ಧೈರ್ಯವಿರಲಿಲ್ಲ. ಹೆಜ್ಜೆ ಸಪ್ಪಳ ಕೇಳಲಿಲ್ಲ. ತಿರುಗಿದರೆ, ಅವನು ಒದ್ದೆ ಬಂಡೆಯನ್ನು ತೋಳಿನಿಂದ ಒರೆಸಿ, ಪಕ್ಕಕ್ಕೆ ಸರಿದು ಕೂತಿದ್ದ.

"ನಾನು ಅವರನ್ನ ನೋಡಿಯೇ ಇಲ್ಲ," ಎಂದ. "ಹೇಗಿದ್ರು?"

ಹೋಗಿ ಕೂತೆ. ಭುಜಕ್ಕೆ ಭುಜ ತಾಗಿತು, ನಾನು ಸರಿಯಲಿಲ್ಲ.

"ಬಾಯಿ ಜಾಸ್ತಿ ಅವಳಿಗೆ," ಎಂದು ಶುರುಮಾಡಿದೆ.