ಶಿವಾನಿ ಹೊಲಿಗೆ ಕಲಿಯಲು ಹೋದ ಮೂರು ದಿನ

"ಹೊಲಿಗಿ ಮಷೀನಿಗೆ ಔಷಧದ ವಾಸನಿ ಹೆಂಗ ಬರತೈತಿ?"

ಗುರುಬಸವ್ವ ಮೊಮ್ಮಗಳ ಸಮವಸ್ತ್ರದ ತೋಳನ್ನು ಮೂಗಿಗೆ ಹಿಡಿದು ಕೇಳಿದಾಗ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅನ್ನಪೂರ್ಣಾಳ ಕೈ ನಿಂತುಬಿಟ್ಟಿತು. ಪ್ರಶ್ನೆ ಕೇಳಿದ್ದು ಶಿವಾನಿಯನ್ನು, ಕಣ್ಣು ನೆಟ್ಟಿದ್ದು ಮಾತ್ರ ಸೊಸೆಯ ಮೇಲೆ. ಹೊಲಿಗೆ ಕಲಿಸುವವರ ಮನೆಯಲ್ಲಿ ಫಿನೈಲ್ ಹಾಕಿ ನೆಲ ಒರೆಸಿದ್ದರಂತೆ ಎಂದು ಅನ್ನಪೂರ್ಣಾ ಹೇಗೋ ಹೇಳಿದಳು. ಮಗಳ ಚೀಲದಿಂದ ಒಂದು ಬ್ಲೌಸ್ ಪೀಸ್ ತೆಗೆದು ತೋರಿಸಿಯೂ ಬಿಟ್ಟಳು. ಅದರ ಅಂಚನ್ನು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹೊಲಿದಿಟ್ಟವಳು ಅವಳೇ. ಗುರುಬಸವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದು ಹೊಲಿಗೆಯನ್ನು ಉದ್ದಕ್ಕೂ ನೋಡಿದಳು. ಇದು ಕೈ ಹೊಲಿಗೆ ಎಂದು ಅಂದು ಬಟ್ಟೆಯನ್ನು ಮಡಚಿ ಚೀಲದೊಳಗಿಟ್ಟಳು. ಬೈದಿದ್ದರೆ ಅನ್ನಪೂರ್ಣಾಳಿಗೆ ಉಸಿರು ಬರುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಹಾಳೆ. ಶಿವಾನಿ ದೊಡವಾಡದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಳು. ಅವಳ ಶಾಲೆಯ ಮಲ್ಲಿಕಾರ್ಜುನ ಮಾಸ್ತರು ಆ ವರ್ಷ ಮಕ್ಕಳಿಗೆಲ್ಲ ಒಂದೊಂದು ಹಾಳೆ ಹಂಚಿದ್ದರು. ಮುಂದೆ ಏನಾಗುತ್ತೀ ಎಂದು ಅದು ಕೇಳಿರಲಿಲ್ಲ. ಯಾವ ಕೆಲಸ ನೋಡುತ್ತ ನಿಂತರೆ ನಿನಗೆ ಹಸಿವು ಮರೆತುಹೋಗುತ್ತದೆ ಎಂದು ಕೇಳಿತ್ತು. ಮಕ್ಕಳು ಏನು ಬರೆಯುತ್ತಾರೋ ಆ ಕೆಲಸ ಮಾಡುವವರ ಜೊತೆ ಅವರನ್ನು ಮೂರು ದಿನ ಬಿಡುವುದು, ನೋಡಲಿ, ಕೇಳಲಿ, ತನಗೆ ಆಗುತ್ತದೋ ಇಲ್ಲವೋ ತಾನೇ ತಿಳಿಯಲಿ ಎಂಬುದು ಮಾಸ್ತರರ ಲೆಕ್ಕ. ಹೆಚ್ಚಿನ ಮಕ್ಕಳು ಪೊಲೀಸ್, ಬ್ಯಾಂಕು ಎಂದು ಬರೆದರು. ಶಿವಾನಿ ಬರೆದದ್ದು: ದನ ಈಯುವಾಗ ಕರುವನ್ನು ಉಳಿಸುವುದು. ಮಾಸ್ತರು ಬೈಲಹೊಂಗಲದ ದನದ ಡಾಕ್ಟರು ಮಧು ಮೇಡಂ ಅವರನ್ನು ಕೇಳಿ ಒಪ್ಪಿಸಿದರು. ಉಳಿದದ್ದು ಪಾಲಕರ ಸಹಿ.

ಶಿವಾನಿಯ ಅಪ್ಪ ಬಸವಲಿಂಗ ಬಂಗಾರದಂಥ ಮನುಷ್ಯ. ಆದರೆ ಏನು ಕೇಳಿದರೂ "ಅವ್ವನ್ನ ಕೇಳು" ಎನ್ನುವುದೊಂದೇ ಅವನ ಬಾಯಿಪಾಠ. ಅವ್ವನನ್ನು ಕೇಳುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಗಬ್ಬದ ಆಕಳ ಹೊಟ್ಟೆಗೆ ಕಿವಿ ಹಚ್ಚಿ ಕುಳಿತಿದ್ದ ಮೊಮ್ಮಗಳನ್ನು ಗುರುಬಸವ್ವ ರಟ್ಟೆ ಹಿಡಿದು ಎಬ್ಬಿಸಿದ್ದಳು. ಇನ್ನೊಮ್ಮೆ ಕಂಡರೆ ಸಾಲಿ ಬಿಡಿಸಿ ರಾಮದುರ್ಗದ ಸೋದರತ್ತೆಯ ಮನೆಗೆ ಅಟ್ಟುತ್ತೇನೆ, ಮುಸುರೆ ತಿಕ್ಕಿಕೊಂಡಿರಲಿ ಎಂದಿದ್ದಳು. ಆಡಿದ ಮಾತನ್ನು ಅತ್ತೆ ಹಿಂದಕ್ಕೆ ತೆಗೆದುಕೊಂಡದ್ದನ್ನು ಅನ್ನಪೂರ್ಣಾ ಹದಿನಾರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಸೋಜಿಗವೆಂದರೆ, ಸುತ್ತ ನಾಲ್ಕು ಹಳ್ಳಿಯಲ್ಲಿ ದನ ಈಯಲು ಕಷ್ಟಪಟ್ಟರೆ ಜನ ಓಡಿ ಬರುತ್ತಿದ್ದದ್ದು ಇದೇ ಗುರುಬಸವ್ವನ ಹತ್ತಿರ! ಬೆರಳುಗಳು ವಾತ ಹಿಡಿದು ಸೊಟ್ಟಗಾದ ಮೇಲೆ ಅವಳು ಹೋಗುವುದನ್ನು ಬಿಟ್ಟಿದ್ದಳು. ತಾನು ಮಾಡಿದ ಕೆಲಸವನ್ನು ಮೊಮ್ಮಗಳು ಮುಟ್ಟಿದರೆ ಅವಳಿಗೇಕೆ ಅಷ್ಟು ಸಿಟ್ಟು? ಕೇಳುವ ಎದೆ ಆ ಮನೆಯಲ್ಲಿ ಯಾರಿಗಿತ್ತು?

ಅನ್ನಪೂರ್ಣಾ ಗಂಡನ ಸಹಿಯನ್ನು ತಾನೇ ಹಾಕಿದಳು. ಮೂರು ದಿನ ಮುಗಿದ ಮೇಲೆ ಮಾಸ್ತರರಿಗೆ ಕೊಡಬೇಕಿದ್ದ ಆ ಹಾಳೆಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಮೂರು ದಿನ ಬೈಲಹೊಂಗಲದಲ್ಲಿ ಹೊಲಿಗೆ ಕಲಿಸುತ್ತಾರೆ ಎಂದು ಮನೆಯಲ್ಲಿ ಹೇಳಿದಳು. ಔಷಧದ ವಾಸನೆಯ ಆ ಸಂಜೆಯೂ ಸೇರಿ ಎರಡು ದಿನ ಹೇಗೋ ಕಳೆದವು.

ಮೂರನೆಯ ದಿನ ಬಸವಲಿಂಗ ಮುನವಳ್ಳಿಗೆ ಹೋಗಿದ್ದ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮನೆಯ ಗಬ್ಬದ ಎಮ್ಮೆ ಬೇನೆ ತಿನ್ನತೊಡಗಿತು. ಗುರುಬಸವ್ವ ಸೀರೆ ಮೇಲಕ್ಕೆ ಕಟ್ಟಿ, ಕೈಗೆ ಎಣ್ಣೆ ಹಚ್ಚಿಕೊಂಡು ಕುಳಿತಳು. ಒಂದು ತಾಸು ಹೋಯಿತು. ಎಮ್ಮೆ ಕಣ್ಣು ಮೇಲೆ ಮಾಡಿ ಮಗ್ಗುಲಾಯಿತು.

"ಕರದ ಎಡಗಾಲ ಹಿಂದಕ್ಕ ಮಡಚೈತಿ," ಎಂದಳು ಗುರುಬಸವ್ವ. "ಬೆರಳು ತಲಪತಾವ. ಹಿಡಿಯಾಕ ಬರವಲ್ದು."

ಆ ದನಿಯನ್ನು ಅನ್ನಪೂರ್ಣಾ ಎಂದೂ ಕೇಳಿರಲಿಲ್ಲ. ಅತ್ತೆಗೂ ಕೈ ಸೋಲುತ್ತದೆ! ಅವಳು ಒಳಗೆ ಓಡಿ ಹಿಟ್ಟಿನ ಡಬ್ಬಿ ಸರಿಸಿದಳು. ಹಾಳೆಯ ಮೇಲೆ ಡಾಕ್ಟರ ನಂಬರಿತ್ತು. ಫೋನು ಮಾಡಿದರೆ ಡಾಕ್ಟರು ಬರುತ್ತಾರೆ, ಅವರ ಹಿಂದೆಯೇ ಶಿವಾನಿ ಬರುತ್ತಾಳೆ... ಬಂದರೆ ಎಲ್ಲವೂ ಬಯಲು. ಮಾಡದಿದ್ದರೆ ಎಮ್ಮೆ ಹೋಗುತ್ತದೆ, ಕರುವೂ ಹೋಗುತ್ತದೆ. ರಾಮದುರ್ಗದ ಮನೆಯ ಹಿತ್ತಲಲ್ಲಿ ಬೂದಿ ಹಿಡಿದು ಪಾತ್ರೆ ತಿಕ್ಕುವ ಮಗಳು ಅವಳ ಕಣ್ಣಿಗೆ ಕಟ್ಟಿದಳು. ಕೊಟ್ಟಿಗೆಯಿಂದ ಎಮ್ಮೆ ಇನ್ನೊಮ್ಮೆ ನರಳಿತು. ಅವಳು ನಂಬರು ಒತ್ತಿದಳು.

ಅವಳು ಕೊಟ್ಟಿಗೆಗೆ ಬಂದಳು. ಅತ್ತೆಯ ಬೆನ್ನಿಗೆ ನಿಂತು ಒಂದೇ ಉಸಿರಿಗೆ ಹೇಳಿದಳು.

"ಅತ್ತೀ, ಡಾಕ್ಟರ್ ಬರಾಕ ಹತ್ತ್ಯಾರ. ಅವರ ಜೋಡಿ ಶಿವಾನಿನೂ ಬರತಾಳ. ಆಕಿ ಹೊಲಿಗಿಗೆ ಹೋಗಿಲ್ರಿ. ಸುಳ್ಳ ಸಹಿ ಮಾಡಿದಾಕಿ ನಾನು. ಏನ ಮಾಡೂದಿದ್ರೂ ನನಗ ಮಾಡ್ರಿ, ಆಕಿ ಸಾಲಿ ಮಾತ್ರ ಬಿಡಿಸಬ್ಯಾಡ್ರಿ..."

ಗುರುಬಸವ್ವ ಎಮ್ಮೆಯ ಹೊಟ್ಟೆ ನೀವುತ್ತ ಕುಳಿತೇ ಇದ್ದಳು.

ಮುಕ್ಕಾಲು ತಾಸಿಗೆ ಜೀಪು ಬಂತು. ಮಧು ಮೇಡಂ ಇಳಿದವರೇ ಮುದುಕಿಯನ್ನು ಕೇಳಿದರು, ಕರು ಒಳಗೆ ಹೇಗಿದೆ ಎಂದು. ಗುರುಬಸವ್ವ ಹೇಳಿದ್ದನ್ನು ಕೈ ಹಾಕಿ ನೋಡಿ, ನೀವಂದಂತೆಯೇ ಇದೆ ಎಂದು ತಲೆಯಾಡಿಸಿದರು. ಕರುವಿನ ತಲೆಯನ್ನು ಹಿಂದೆ ಒತ್ತಿ, ಮಡಚಿದ ಕಾಲನ್ನು ಮುಂದೆ ತಂದು ಹಗ್ಗ ಕಟ್ಟಿದರು. ಹಗ್ಗ ಹಿಡಿದವಳು ಶಿವಾನಿ. ಅಜ್ಜಿಯ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಎಮ್ಮೆ ತಿಣುಕಿದಾಗ ಎಳೆದಳು, ಬಿಟ್ಟಾಗ ಬಿಟ್ಟಳು. ಕರು ಹುಲ್ಲಿನ ಮೇಲೆ ಬಿತ್ತು. ಅಲುಗಾಡಲಿಲ್ಲ.

ಎಮ್ಮೆಗೆ ರಕ್ತ ನಿಲ್ಲದೆ ಡಾಕ್ಟರ ಎರಡೂ ಕೈ ಅಲ್ಲೇ ಇದ್ದವು. ಶಿವಾನಿ ಮೊಣಕಾಲೂರಿ ಕರುವಿನ ಬಾಯಿ ಒರೆಸಿದಳು. ಒಂದು ಹುಲ್ಲುಕಡ್ಡಿ ಮುರಿದು ಅದರ ಮೂಗಿನೊಳಗೆ ಆಡಿಸಿದಳು. ಕಿವಿ ಹಿಡಿದು ಅದರೊಳಗೆ ಉಸಿರು ಊದಿದಳು. ಮತ್ತೆ ಕಡ್ಡಿ ಆಡಿಸಿದಳು. ಕರು ಒಮ್ಮೆ ಸೀನಿತು... ತಲೆ ಕೊಡವಿತು!

"ಇದನ್ನ ಯಾರ ಕಲಿಸಿದ್ರು ನಿನಗ? ಡಾಕ್ಟರ?" ಗುರುಬಸವ್ವ ಕೇಳಿದಳು.

ಶಿವಾನಿ ಕರುವಿನ ಮೈ ಉಜ್ಜುತ್ತಲೇ ಅಜ್ಜಿಗೆ ಹೇಳಿದಳು. "ನೀನ, ಆಯಿ. ಸಣ್ಣಾಕಿದ್ದಾಗ ಬಾಗಿಲ ಸಂದ್ಯಾಗ ನಿಂತು ನೋಡತಿದ್ದೆ."

ಗುರುಬಸವ್ವ ಎದ್ದು ಕೈ ತೊಳೆಯಲು ಹೋದಳು. ಎಮ್ಮೆಯ ರಕ್ತ ನಿಂತ ಮೇಲೆ ಡಾಕ್ಟರು ಜೀಪು ಹತ್ತಿದರು. ಅಂದು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಬಸವಲಿಂಗ ಬಂದು ಎಲ್ಲ ಕೇಳಿ, ತಾಯಿಯ ಮುಖ ನೋಡಿ, ಹೆಂಡತಿಯ ಮುಖ ನೋಡಿ ಹೊರಗೆ ಕಟ್ಟೆಯ ಮೇಲೆ ಕುಳಿತ.

ಬೆಳಗಾಗುತ್ತಲೇ ಗುರುಬಸವ್ವ ಮೊಮ್ಮಗಳಿಗೆ ತಲೆಗೆ ನೀರು ಹಾಕಿಕೊಂಡು ಹೊಸ ಲಂಗ ಉಟ್ಟು ಬಾ ಎಂದಳು. ಅನ್ನಪೂರ್ಣಾ ಗಡಿಯಾರ ನೋಡಿದಳು. ಒಂಬತ್ತು ಗಂಟೆಗೆ ರಾಮದುರ್ಗದ ಬಸ್ಸು! ಅವಳು ಅತ್ತೆಯ ಕಾಲಿಗೆ ಬೀಳಲು ಬಗ್ಗಿದಳು. ಗುರುಬಸವ್ವ ಅವಳ ಭುಜ ಹಿಡಿದು ನಿಲ್ಲಿಸಿದಳು.

"ಒಲಿ ಹಚ್ಚು. ಗಿಣ್ಣ ಮಾಡೂದೈತಿ. ಶಿವಾನಿ ಮಾಡಲಿ."

ಎಮ್ಮೆ ಈದ ಮರುದಿನ ಗಿಣ್ಣದ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಬೇಯಿಸಿ ಓಣಿಯ ಮನೆಗಳಿಗೆ ಹಂಚುವುದು ವಾಡಿಕೆ. ಶಿವಾನಿ ಬೆಲ್ಲ ಕರಗಿಸುವಾಗ ಗುರುಬಸವ್ವ ಒಲೆಯ ಬೆಂಕಿ ನೋಡುತ್ತ ಮಾತಾಡಿದಳು. ಸೊಸೆಗೆ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ ತಿಳಿಯದು.

"ಎದುರ ಮನಿ ಶೆಟ್ಟೆವ್ವನ ಮದುವಿ ದಿನ ಅವರ ಆಕಳ ತ್ರಾಸ ಮಾಡಕೊಂತು. ನಸುಕಿನ್ಯಾಗ ಹೋಗಿ ಕರ ಉಳಿಸಿಕೊಟ್ಟೆ. ಜಳಕಾ ಮಾಡಿ ಬಂದು ದೊಡ್ಡ ಪರಾತದಾಗಿನ ಹೋಳಗಿ ಹೂರಣಕ್ಕ ಕೈ ಹಾಕಿದ್ರ, ಅವರತ್ತಿ ಪರಾತ ಎಳಕೊಂಡ್ಲು. ದನದಾಗ ಹಾಕೂ ಕೈ ಇದು ಅಂದ್ಲು, ಅಷ್ಟ ಮಂದ್ಯಾಗ. ಅವತ್ತಿನಿಂದ ಯಾರ ಮದುವ್ಯಾಗೂ ನಾ ಒಲಿ ಮುಂದ ಕುಂತಿಲ್ಲ. ಈಕಿಗೂ ಹಂಗ ಆದೀತಂತ ಅಂಜಿದ್ದೆ."

ಅಂಜಿದ್ದೆ! ಹದಿನಾರು ವರ್ಷ ತಾನು ಯಾರಿಗೆ ಹೆದರಿ ಬದುಕಿದ್ದಳೋ ಆ ಹೆಂಗಸೂ ಒಳಗೊಳಗೇ ಹೆದರಿಕೊಂಡೇ ಇದ್ದಳು. ಅನ್ನಪೂರ್ಣಾಳಿಗೆ ಅಳು ಒತ್ತರಿಸಿ ಬಂತು. ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡಳು.

ಗುರುಬಸವ್ವ ಮೊದಲು ಹೋದದ್ದು ಶೆಟ್ಟೆವ್ವನ ಬಾಗಿಲಿಗೇ. ಗಿಣ್ಣದ ಬಟ್ಟಲು ಶಿವಾನಿಯ ಕೈಯಲ್ಲಿತ್ತು. ಎರಡು ಹೆಜ್ಜೆ ಹಿಂದೆ ಅನ್ನಪೂರ್ಣಾ. ನಿನ್ನೆ ಕೊಟ್ಟಿಗೆಯಲ್ಲಿ ನಡೆದದ್ದು ಆಗಲೇ ಓಣಿಗೆಲ್ಲ ಗೊತ್ತಾಗಿತ್ತು. ಶೆಟ್ಟೆವ್ವ ಹೊಸ್ತಿಲಲ್ಲಿ ನಿಂತು ಹುಡುಗಿಯ ಕೈಗಳನ್ನೇ ನೋಡಿದಳು.

"ಕರ ತಗದಾಕಿ ಈಕೀನ ಏನು?"

"ಹೂಂ. ಗಿಣ್ಣ ಮಾಡಿದಾಕಿನೂ ಈಕಿನ," ಎಂದಳು ಗುರುಬಸವ್ವ. "ಬ್ಯಾಡ ಅನ್ನೂದಿದ್ರ ಈಗ ಅಂದಬಿಡು."

ಶೆಟ್ಟೆವ್ವ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಹೊರಗೆ ಮೂವರೂ ನಿಂತರು. ಗಿಣ್ಣವನ್ನು ಹಿತ್ತಲಿಗೆ ಚೆಲ್ಲಿದರೆ? ಹೇಗೆ ಕೊಟ್ಟರೋ ಹಾಗೇ ತಂದು ಕೈಗಿಟ್ಟರೆ? ಮಗಳು ಇದನ್ನು ಜನ್ಮವಿಡೀ ಮರೆಯುವುದಿಲ್ಲ ಎಂದು ಅನ್ನಪೂರ್ಣಾ ಅಂದುಕೊಂಡಳು. ಅತ್ತೆಯ ಸೊಟ್ಟ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

ಶೆಟ್ಟೆವ್ವ ಬಂದಾಗ ಗಿಣ್ಣ ತಿನ್ನುತ್ತ ಅವಳ ಬಾಯಿ ಇನ್ನೂ ಆಡುತ್ತಿತ್ತು. ತೊಳೆದ ಬಟ್ಟಲಿನಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ತಂದಿದ್ದಳು. ಅದನ್ನು ಶಿವಾನಿಗೆ ಕೊಟ್ಟು ಗುರುಬಸವ್ವನ ಕಡೆ ತಿರುಗಿದಳು.

"ಅವತ್ತ ಪರಾತ ಎಳಕೊಂಡಾಗ ನಾನೂ ಅಲ್ಲೇ ಇದ್ನಿ, ಅಕ್ಕಾ. ಅರಿಷಿಣದ ಸೀರಿ ಉಟ್ಟು ನಿಂತಿದ್ನಿ. ಬಾಯಿ ಬಿಡಾಕ ಅಂಜಿಕಿ ಬಂತು."

ಗುರುಬಸವ್ವ ತಲೆಯಾಡಿಸಿದಳು.

ಮನೆಗೆ ಬಂದೊಡನೆ ಅವಳು ಆ ಹಾಳೆ ತಾ ಎಂದು ಸೊಸೆಗೆ ಹೇಳಿದಳು. ಸುಳ್ಳು ಸಹಿಯ ಹಾಳೆ ಮಾಸ್ತರರಿಗೆ ಹೋಗಬಾರದಂತೆ. ಅನ್ನಪೂರ್ಣಾ ಆ ಸಹಿಯ ಮೇಲೆ ಗೆರೆ ಎಳೆದು ಪಕ್ಕದ ಜಾಗ ತೋರಿಸಿದಳು. ಗುರುಬಸವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒತ್ತಿದಳು. ವಾತ ಹಿಡಿದ ಬೆರಳು ಕಾಗದಕ್ಕೆ ಸರಿಯಾಗಿ ಕೂರಲಿಲ್ಲ. ಆಗ ಶಿವಾನಿ ಪಕ್ಕದಲ್ಲಿ ಕುಳಿತು, ಅಜ್ಜಿಯ ಹೆಬ್ಬೆಟ್ಟಿನ ಮೇಲೆ ತನ್ನ ಹೆಬ್ಬೆಟ್ಟನ್ನಿಟ್ಟು ಮೆಲ್ಲಗೆ ಒತ್ತಿ ಹಿಡಿದಳು.