ಒಂದು ರಕಾತ್ ಬಾಕಿ

ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ 7.40ಕ್ಕೆ ಬೇಕರಿಯ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ಬೆಳಗಿನ ನಮಾಜಿಗೆಂದು ಎಲ್ಲರೂ ಎದುರಿನ ಮಸೀದಿಗೆ ಹೋಗಿದ್ದಾಗ ಯಾರೋ ಒಳನುಗ್ಗಿ, ಹಿಟ್ಟು ನಾದುವ ಯಂತ್ರದ ಬೆಲ್ಟ್ ಕತ್ತರಿಸಿ, ನಾಲ್ಕು ಮೂಟೆ ಮೈದಾಕ್ಕೆ ಸೀಮೆಎಣ್ಣೆ ಸುರಿದಿದ್ದರು. ಮಸೀದಿ ಸಮಿತಿಯ ಆ ಬೇಕರಿಯಲ್ಲಿ ಕೆಲಸಕ್ಕಿದ್ದ ಆರೂ ಜನ ಜೈಲಿನಿಂದ ಬಂದವರು. ಬೇರೆ ಯಾರೂ ಅವರಿಗೆ ಕೆಲಸ ಕೊಟ್ಟಿರಲಿಲ್ಲ.

8.30ಕ್ಕೆ ಪಂಚನಾಮೆ ನಡೆಯಿತು. ಯಂತ್ರದ ಕೆಳಗೆ ಹೆಣೆದ ಟೋಪಿಯೊಂದು ಸಿಕ್ಕಿತು. ಆ ಆರು ಜನರಲ್ಲಿ, ಹನ್ನೊಂದು ವರ್ಷ ಒಳಗಿದ್ದು ಮೂರು ವಾರದ ಹಿಂದೆ ಷರತ್ತಿನ ಮೇಲೆ ಬಿಡುಗಡೆಯಾದವನದು ಅದು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸರ್?" ಎಂದ ಮುಖ್ಯ ಪೇದೆ.

"ನಮಗೇ ಯಾರೋ ಟೋಪಿ ಹಾಕ್ತಿರಬಹುದು ಕಣಯ್ಯ," ಎಂದರು ಇನ್ಸ್‌ಪೆಕ್ಟರ್. ಅವರಿಗೆ ಸುಲಭವಾಗಿ ಸಿಗುವ ಸಾಕ್ಷ್ಯ ಕಂಡರೆ ಆಗುತ್ತಿರಲಿಲ್ಲ. ಅವನ ಹೆಸರು ಎಫ್‌ಐಆರ್‌ಗೆ ಬಿದ್ದರೆ ಬಿಡುಗಡೆ ರದ್ದು, ಉಳಿದ ನಾಲ್ಕು ವರ್ಷ ಮತ್ತೆ ಒಳಗೆ. ಹಾಗಾಗಿ ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದು ಬರೆಸಿದರು.

ವಿಚಾರಣೆಗೆ ಬಂದವನು ಎರಡು ಸಲ ಹೇಳುವ ತನಕ ಕುರ್ಚಿ ಮುಟ್ಟಲಿಲ್ಲ.

"ಟೋಪಿ ನಿಂದಾ?"

"ನಂದೇ ಸರ್. ನಿನ್ನೆ ಅಣ್ಣನ ಮನೇಲಿ ಬಿಟ್ಟು ಬಂದಿದ್ದೆ."

"ನಮಾಜಿನಲ್ಲಿ ಎಲ್ಲಿದ್ದೆ?"

"ಮೊದಲನೇ ಸಾಲು. ಶುರುವಿಂದ."

ಜೊತೆಯ ಐವರೂ ಹೌದೆಂದರು. ಶಿಕ್ಷೆ ಅನುಭವಿಸಿದವರ ಮಾತಿಗೆ ಕೋರ್ಟಿನಲ್ಲಿ ಏನು ಬೆಲೆ ಎಂದು ಮುಖ್ಯ ಪೇದೆ ಗೊಣಗಿದ. ಪೇದೆ ಹೇಳಿದ್ದು ಸುಳ್ಳೇನಲ್ಲ, ಅದೇ ಬೇಸರದ ಸಂಗತಿ.

ಹತ್ತು ಗಂಟೆಗೆ ಅಣ್ಣ ಯಾರೂ ಕರೆಯದೆ ತಾನಾಗಿ ಬಂದ. ದರ್ಜಿ, ನಮಾಜು ತಪ್ಪಿಸದವನೆಂದು ಬೀದಿಯಲ್ಲಿ ಹೆಸರಿತ್ತು.

"ನಾನು ಮೊದಲಿಂದ ಇದ್ದೆ ಸರ್. ತಮ್ಮ ಕಾಣಲಿಲ್ಲ. ಒಡಹುಟ್ಟಿದವನು, ಹೇಳೋಕೆ ಸಂಕಟ ಆಗುತ್ತೆ."

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡನಲ್ಲ ಎನಿಸಿತು ಇನ್ಸ್‌ಪೆಕ್ಟರಿಗೆ. 11.15ಕ್ಕೆ ಮಸೀದಿಗೆ ಹೋಗಿ ಇಮಾಮರನ್ನು ಕಂಡರು.

"ನಮಾಜ್ ಮುಗಿದ ಮೇಲೆ ನಾನು ಜನರ ಕಡೆ ತಿರುಗಿ ಕೂರ್ತೀನಿ," ಎಂದರು ಇಮಾಮರು. "ತಮ್ಮ ಮೊದಲನೇ ಸಾಲಲ್ಲೇ, ನನ್ನೆದುರು ಕೂತಿದ್ದ. ಅಣ್ಣ ಒಬ್ಬರೇ ಇನ್ನೂ ನಿಂತಿದ್ರು."

"ಯಾಕೆ?"

"ಬೆಳಗಿನ ನಮಾಜಿಗೆ ಎರಡು ರಕಾತ್, ಅಂದ್ರೆ ಎರಡು ಸುತ್ತು. ತಡವಾಗಿ ಬಂದವರು ತಪ್ಪಿದ ಸುತ್ತನ್ನ ಎಲ್ಲರದ್ದೂ ಆದ ಮೇಲೆ ಎದ್ದು ಪೂರ್ತಿ ಮಾಡ್ಬೇಕು. ಅವರದ್ದು ಒಂದು ಬಾಕಿ ಇತ್ತು."

ಮಧ್ಯಾಹ್ನ ಒಂದಕ್ಕೆ ದರ್ಜಿ ಅಂಗಡಿಯ ದೊಡ್ಡ ಕತ್ತರಿಯನ್ನು ಪಂಚರ ಎದುರು ವಶಪಡಿಸಿಕೊಂಡರು. ಅಲಗಿನಲ್ಲಿ ಕಪ್ಪು ರಬ್ಬರಿನ ಚೂರು ಅಂಟಿತ್ತು. ದರ್ಜಿ ಒಪ್ಪಿಕೊಂಡ.

"ಎಲ್ಲರ ಜೊತೆ ಎದ್ದು ಬಂದಿದ್ರೆ ಗೊತ್ತೇ ಆಗ್ತಿರಲಿಲ್ಲವಲ್ಲ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಅರ್ಧ ನಮಾಜ್ ಬಿಟ್ಟು ಹ್ಯಾಗೆ ಬರ್ಲಿ ಸರ್?"

1.20ಕ್ಕೆ ಬಂಧಿಸಿ ಹೇಳಿಕೆ ಬರೆದುಕೊಂಡರು. ತಮ್ಮ ಜೈಲಿಗೆ ಹೋದಾಗ ಅವನ ತಾಯಿಯಿಲ್ಲದ ಮಗಳಿಗೆ ಮೂರು ತಿಂಗಳು. ಮಕ್ಕಳಿಲ್ಲದ ಅಣ್ಣ ಅತ್ತಿಗೆ ಸಾಕಿದರು. ಬೇಕರಿಯ ಹಿಂದಿನ ಕೋಣೆಯನ್ನು ಒಂದನೇ ತಾರೀಖು ತಮ್ಮನಿಗೆ ಕೊಟ್ಟು, ಮಗಳನ್ನು ಅವನ ಜೊತೆ ಕಳಿಸಬೇಕೆಂದು ಸಮಿತಿ ತೀರ್ಮಾನಿಸಿತ್ತು. "ಅವನು ಒಳಗಿರೋ ತನಕ ಅವಳು ನನ್ನವಳು ಸರ್," ಎಂದ ದರ್ಜಿ. ಮುಖ್ಯ ಪೇದೆ ಅದನ್ನೂ ಹಾಗೇ ಬರೆದುಕೊಂಡ.

ಜೀಪಿನ ಬಳಿ ತಮ್ಮ ಕಾಯುತ್ತಿದ್ದ. "ಅಣ್ಣ, ಒಳಗೆ ಹೋದ ದಿನ ಯಾರ ಹತ್ರಾನೂ ಏನೂ ಈಸ್ಕೋಬೇಡ. ಬಾಗಿಲ ಹತ್ರ ಮಲಗ್ಬೇಡ." ಅಣ್ಣ ಜೀಪು ಹತ್ತಿದ.

ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕಿತ್ತು. ತಮ್ಮ ತಾನೂ ಬರುತ್ತೇನೆಂದ. 4.10ಕ್ಕೆ ಬಾಗಿಲು ತೆರೆದವಳು ಆಗಷ್ಟೇ ಶಾಲೆಯಿಂದ ಬಂದಿದ್ದ ಹುಡುಗಿ. ಪೊಲೀಸರನ್ನು ನೋಡಿ, ಅವರ ಹಿಂದಿದ್ದವನನ್ನು ನೋಡಿದಳು.

"ಚಾಚಾ, ಅಬ್ಬಾ ಎಲ್ಲಿ?"

ಅವಳಿಗೆ ಚಿಕ್ಕಪ್ಪನಾಗಿಯೇ ಉಳಿದಿದ್ದ ಹೆತ್ತ ಅಪ್ಪ ಹೊಸ್ತಿಲ ಹೊರಗೇ ನಿಂತಿದ್ದ.

"ಬರ್ತಾರಮ್ಮ," ಎಂದ. "ನಾನೇ ಕರ್ಕೊಂಡು ಬರ್ತೀನಿ."