ಗೆದ್ದವಳ ಕೈ ಎತ್ತಬೇಕು

"ನಾಚಿಕೆ ಆಗಲ್ವೇನ್ರೀ ನಿಮಗೆ? ನಾನೇನು ಭಿಕ್ಷೆ ಕೇಳಿದ್ನಾ? ಸೋಲಾಕೆ ಯಾರು ಹೇಳಿದ್ರು ನಿಮಗೆ?"

ಧನುಶ್ರೀಯ ಕೂಗಿಗೆ ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಯಲ್ಲಿ ಆಡುತ್ತಿದ್ದವರ ಕೈಗಳೆಲ್ಲ ನಿಂತವು.

"ಸ್ವಲ್ಪ ಮೆಲ್ಲಗೆ ಮಾತಾಡ್ರಿ..." ಎಂದ ದುರುಗೇಶ್.

"ಯಾಕೆ ಮೆಲ್ಲಗೆ? ನಾಲ್ಕು ತಾಲ್ಲೂಕಿನಾಗೂ ಡಂಗುರ ಆಗೈತೆ! ದುರುಗೇಶ್ ದೊಡ್ಡ ಮನಸ್ಸು ಮಾಡಿ ಹುಡುಗಿಗೆ ಬಿಟ್ಟುಕೊಟ್ಟ ಅಂತೆ!"

"ನಾನು ಯಾರಿಗೂ ಏನೂ ಹೇಳಿಲ್ಲ, ಧನುಶ್ರೀ."

"ಅದೇ! ಏನೂ ಹೇಳಿಲ್ಲ! ಅದೇ ನಿಮ್ಮ ತಪ್ಪು!"

ದುರುಗೇಶ್ ತಲೆ ತಗ್ಗಿಸಿದ. ಜಗಳೂರಿನವನು. ಜೆಸಿಬಿ ಓಡಿಸುತ್ತಾನೆ. ಈಗ ನ್ಯಾಮತಿ ಕಡೆ, ಗೋವಿನಕೋವಿಯಲ್ಲಿ ಕೆಲಸ. ಬಂಡೆಯನ್ನೇ ಎತ್ತಿ ಇಡುವ ಗಂಡಸು, ಒಬ್ಬ ಹುಡುಗಿಯ ಕಣ್ಣು ಎದುರಿಸಲಾರದೆ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ!

ಜಗಳ ಹುಟ್ಟಿದ್ದು ಹಿಂದಿನ ಭಾನುವಾರ.

ಜಪಾನಿನ ಅನಿಮೆ ಕಾರ್ಟೂನ್ ಸರಣಿಯೊಂದರಿಂದ ಬಂದ ಫೈಟಿಂಗ್ ಗೇಮ್ ಅದು. ಅಂಗಡಿಯ ಯಜಮಾನ ಕೆಂಚೇಶ್ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಆಟಗಾರರನ್ನು ಕರೆಸಿ ಪಂದ್ಯ ಇಟ್ಟಿದ್ದ. ಮೂವತ್ತೆರಡು ಜನ. ಹುಡುಗಿ ಒಬ್ಬಳೇ. ಕತ್ತಲಗೆರೆಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಧನುಶ್ರೀ!

ಎಲ್ಲರೂ ಬೆಂಕಿ ಉಗುಳುವ ದೈತ್ಯನನ್ನೋ, ಎರಡು ಕತ್ತಿಯ ವೀರನನ್ನೋ ಆರಿಸಿಕೊಂಡರೆ, ಇವಳು ಆರಿಸಿಕೊಂಡಿದ್ದು ಬೆನ್ನು ಬಾಗಿದ, ಕೋಲು ಹಿಡಿದ ಅಜ್ಜಿಯನ್ನು. ಎಲ್ಲರೂ ನಕ್ಕರು. ಅಜ್ಜಿ ಒಬ್ಬೊಬ್ಬರನ್ನೇ ಮಲಗಿಸುತ್ತಾ ಹೋದಳು. ನಗು ನಿಂತಿತು.

ಫೈನಲ್‌ನಲ್ಲಿ ಎದುರಿಗೆ ಸಿಕ್ಕಿದ್ದು ದುರುಗೇಶನ ದೈತ್ಯ.

ಎದೆ ಡವಡವ ಎನ್ನುವ ಆಟ! ಕೊನೆಯ ಸುತ್ತು. ಇಬ್ಬರಿಗೂ ಉಳಿದಿದ್ದು ಒಂದೇ ಒಂದು ಏಟಿನ ಜೀವ. ಅಷ್ಟರಲ್ಲಿ ದೈತ್ಯ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ನಿಂತುಬಿಟ್ಟ. ಅಜ್ಜಿಯ ಕೋಲು ಎದ್ದಿತು... ಬಿದ್ದಿತು... ದೈತ್ಯ ಮಣ್ಣು ಮುಕ್ಕಿದ.

"ಬಿಟ್ಟುಕೊಟ್ಟ!" ಎಂದು ಯಾರೋ ಕೂಗಿದರು.

ಕೆಂಚೇಶನ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಅವನ ತಾತ ಓಬಳಪ್ಪ ಕುಸ್ತಿ ಪೈಲ್ವಾನ. ಅಖಾಡದ ಶಿಸ್ತನ್ನು ಮೊಮ್ಮಗ ಅಂಗಡಿಗೆ ತಂದಿದ್ದ. ಸೋತವನೇ ಗೆದ್ದವನ ಕೈ ಹಿಡಿದು ಮೇಲೆತ್ತಬೇಕು. ಅಲ್ಲಿಯವರೆಗೆ ಆಟ ಮುಗಿದ ಲೆಕ್ಕವಲ್ಲ.

ದುರುಗೇಶ್ ಕೈ ಎತ್ತಲಿಲ್ಲ. ಕಂಟ್ರೋಲರ್ ಮೇಜಿನ ಮೇಲಿಟ್ಟು, ಬೈಕ್ ಹತ್ತಿ ಹೋಗಿಬಿಟ್ಟ. ಧನುಶ್ರೀ ಅಷ್ಟು ಜನರ ನಡುವೆ ಬಲಗೈ ಚಾಚಿಕೊಂಡು ನಿಂತೇ ಇದ್ದಳು...

ಅದು ಅವಳಿಗೆ ವಾರವಿಡೀ ಚುಚ್ಚಿತ್ತು.

ಆರು ತಿಂಗಳ ಹಿಂದೆ ಈ ಅಂಗಡಿಗೆ ಮೊದಲ ಸಲ ಬಂದಾಗ, ಸಿಕ್ಕ ಸಿಕ್ಕ ಬಟನ್ ಒತ್ತುತ್ತಿದ್ದವಳ ಪಕ್ಕ ಕೂತು, "ಗುದ್ದಬ್ಯಾಡ್ರಿ. ಕಾಯ್ರಿ. ಎದುರಿಗಿರೋನು ತಪ್ಪು ಮಾಡೇ ಮಾಡ್ತಾನೆ" ಎಂದು ಹೇಳಿಕೊಟ್ಟವನು ಇವನೇ. ಆಮೇಲೆ ಪ್ರತಿ ಭಾನುವಾರ ಅವಳು ಕತ್ತಲಗೆರೆ ಬಸ್ಸು ಹತ್ತಿದ್ದು ಆಟಕ್ಕೋ, ಇವನಿಗೋ? ಅದನ್ನು ಅವಳು ತನ್ನ ಮನಸ್ಸಿನ ಹತ್ತಿರವೂ ಒಪ್ಪಿಕೊಂಡಿರಲಿಲ್ಲ.

'ಇವರ ಕಣ್ಣಿಗೆ ನಾನು ಇಷ್ಟೇನಾ? ಪಾಪ, ಹೆಣ್ಣು ಹುಡುಗಿ, ಗೆದ್ಕೊಳ್ಳಲಿ ಅಂತ ಬಿಡೋವಷ್ಟೇನಾ?'

"ಏ ಧನುಶ್ರೀ, ಒಂದು ನಿಮಿಷ ಕೂತ್ಕ," ಎಂದು ಕೆಂಚೇಶ್ ನಡುವೆ ಬಂದ. "ಜಗಳ ಆಮೇಲೆ ಆಡು. ಅರುಣ್ ಕುಮಾರಣ್ಣ ಬಂದಾರೆ ನೋಡು."

ಅರುಣ್ ಕುಮಾರ್ ಪಂದ್ಯದ ತೀರ್ಪುಗಾರ. ಶೀಲ್ಡ್ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಅದರಲ್ಲಿ ಹೆಸರಿನ ಜಾಗ ಇನ್ನೂ ಖಾಲಿ.

"ನೋಡಮ್ಮಾ, ಗೆದ್ದೋರು ದಾವಣಗೆರೆ ಜಿಲ್ಲಾ ಪಂದ್ಯಕ್ಕೆ ಹೋಗಿ ನಾಲ್ಕೂ ತಾಲ್ಲೂಕಿನ ಪರವಾಗಿ ಆಡ್ಬೇಕು. ಬೇಕಂತ ಸೋತಿದ್ದು ನಿಜ ಅಂದ್ರೆ ಇಬ್ಬರ ಹೆಸರೂ ತೆಗೀತೀನಿ. ಮೂರನೆಯವನು ವಿನಯ್ ಕುಮಾರ್ ಹೋಗ್ತಾನೆ. ಇವತ್ತೇ ತೀರ್ಮಾನ."

ಮೂಲೆಯಲ್ಲಿದ್ದ ಹೊನ್ನಾಳಿಯ ವಿನಯ್ ಕುಮಾರ್ ಕಾಲರ್ ಸರಿಮಾಡಿಕೊಂಡ. "ನಾನು ರೆಡಿ ಅಣ್ಣಾ. ನನಗೇನು ಅಜ್ಜಿ ಭಯ ಇಲ್ಲ."

"ನಿನ್ನನ್ನ ಅಜ್ಜಿ ಇಪ್ಪತ್ತು ಸೆಕೆಂಡಿನಾಗೆ ಮಲಗಿಸಿದ್ಲು, ಸುಮ್ನಿರಪ್ಪ!" ಎಂದ ಕೆಂಚೇಶ್. ಅಂಗಡಿಯೆಲ್ಲ ನಕ್ಕಿತು.

ಧನುಶ್ರೀ ನಗಲಿಲ್ಲ. ದುರುಗೇಶನ ಮುಂದೆ ಬಂದು ನಿಂತಳು.

"ದುರುಗೇಶ್, ನಾನು ದಿನಾ ಹಾಲು ಅಳೆಯೋಳು. ನೀರು ಬೆರೆಸಿದ ಹಾಲನ್ನ ವಾಪಸ್ ಕಳಿಸೋಳು. ನನ್ನ ಗೆಲುವಿನಾಗೆ ನೀರು ಐತೆ ಅಂದ್ರೆ ಈಗಲೇ ಹೇಳ್ರಿ. ನನಗೆ ಆ ಶೀಲ್ಡೂ ಬ್ಯಾಡ... ನಿಮ್ಮ ಮುಖಾನೂ ಬ್ಯಾಡ!"



ಸುಳ್ಳು ಹೇಳುವವನಿಗಿಂತ, ತನಗೆ ಅನುಕೂಲವಾದ ಸುಳ್ಳು ಕೇಳಿಸಿಕೊಂಡು ಸುಮ್ಮನಿರುವವನು ದೊಡ್ಡ ಕಳ್ಳ. ದುರುಗೇಶನಿಗೆ ಅದು ವಾರದಿಂದ ಗೊತ್ತಿತ್ತು. 'ಈಗ ಬಾಯಿ ಬಿಟ್ರೆ ನನ್ನ ಮರ್ಯಾದೆ ಹೋಗುತ್ತೆ. ಬಿಡದಿದ್ರೆ... ಇವಳೇ ಹೋಗ್ತಾಳೆ!'

ಅವನು ಎದ್ದ. ಸೀದಾ ದೊಡ್ಡ ಟಿವಿಯ ಮುಂದೆ ಹೋಗಿ ಕಂಟ್ರೋಲರ್ ತೆಗೆದುಕೊಂಡ.

"ಕೆಂಚೇಶಾ, ಫೈನಲ್ ಆಟದ ರೀಪ್ಲೇ ಐತಲ್ಲ?"

"ಐತೆ. ಯಾಕಲೇ?"

"ಎಲ್ಲರೂ ನೋಡ್ರಿ."

ಆಟ ಮತ್ತೆ ಶುರುವಾಯಿತು. ಅವನು ಏನೋ ಒತ್ತಿದ. ಪರದೆಯ ಅಂಚಿನಲ್ಲಿ ಚಿಕ್ಕ ಚಿಕ್ಕ ಗುರುತುಗಳು ಮೂಡಿದವು. ಆವತ್ತು ಯಾರು, ಯಾವ ಕ್ಷಣ, ಯಾವ ಬಟನ್ ಒತ್ತಿದರು ಎಂಬುದನ್ನೆಲ್ಲ ಆಟ ನೆನಪಿಟ್ಟುಕೊಂಡಿತ್ತು!

ಕೊನೆಯ ಸುತ್ತು ಬಂತು. ದುರುಗೇಶ್ ಅದನ್ನು ನಿಧಾನಕ್ಕೆ ಓಡಿಸಿದ. ದೈತ್ಯ ಕಲ್ಲಾಗಿ ನಿಂತ. ಆದರೆ ಅಂಚಿನಲ್ಲಿ ಒಂದೇ ಗುರುತು ಮೂರು ಸಲ ಟಕ್, ಟಕ್, ಟಕ್ ಎಂದು ಬಂತು.

"ಏನಿದು?" ಅರುಣ್ ಕುಮಾರ್ ಮುಂದಕ್ಕೆ ಬಾಗಿದ.

"ಬೆಂಕಿ ಉಗುಳೋ ಏಟಣ್ಣ. ಮೂರು ಸಲ ಒತ್ತೀನಿ. ಬಿಟ್ಟುಕೊಡೋನು ಮೂರು ಸಲ ಯಾಕೆ ಒತ್ತುತಾನೆ?" ದುರುಗೇಶ್ ಪರದೆಯ ಕೆಳಗಿನ ಹಳದಿ ಪಟ್ಟಿಯ ಮೇಲೆ ಬೆರಳಿಟ್ಟ. "ಈ ಪಟ್ಟಿ ತುಂಬಿದ್ರೆ ಮಾತ್ರ ಬೆಂಕಿ ಬರೋದು. ಇಲ್ಲಿ ನೋಡ್ರಿ, ಕೂದಲೆಳೆಯಷ್ಟು ಖಾಲಿ. ತುಂಬೈತೆ ಅಂತ ನಂಬಿಕೊಂಡು ಒತ್ತಿದೆ. ತುಂಬಿರಲಿಲ್ಲ. ಅದನ್ನ ಖಾಲಿ ಮಾಡಿಸಿದ್ದು ಇವರೇ!"

ಅವನು ಆಟವನ್ನು ಹಿಂದಕ್ಕೆ ಓಡಿಸಿದ. ಅಜ್ಜಿ ಹಿಂದೆ ಸರಿಯುತ್ತಾಳೆ, ಆಸೆ ತೋರಿಸುತ್ತಾಳೆ, ದೈತ್ಯ ಬೆಂಕಿ ಉಗುಳುತ್ತಾನೆ, ಹಳದಿ ಪಟ್ಟಿ ಬರಿದಾಗುತ್ತದೆ, ಅಜ್ಜಿ ಪಕ್ಕಕ್ಕೆ ಜಾರುತ್ತಾಳೆ. ಮತ್ತೆ... ಮತ್ತೆ... ಅವಳು ಏಟು ತಪ್ಪಿಸಿಕೊಂಡು ಕಾದಿದ್ದಳು. ಅವನು ಕಲಿಸಿದ ಹಾಗೆಯೇ ಕಾದಿದ್ದಳು!

"ನಾನು ಬಿಟ್ಟುಕೊಡಲಿಲ್ಲ. ಸೋತೆ. ಚೆನ್ನಾಗಿ ಸೋತೆ," ಎಂದ ದುರುಗೇಶ್. ಅವನ ಕಿವಿಗಳು ಕೆಂಪಾಗಿದ್ದವು. "ಹುಡುಗಿ ಕೈಲಿ ಸೋತೆ ಅಂತ ನಾಚಿಕೆ ಆಯ್ತು. ಜನ ದೊಡ್ಡ ಮನಸ್ಸು ಅಂದ್ರು. ಕೇಳಾಕೆ ಚೆನ್ನಾಗಿತ್ತು. ಸುಮ್ಮನಾದೆ. ತಪ್ಪು ನಂದೇ."

ಧನುಶ್ರೀಯ ಕಣ್ಣು ತುಂಬಿತು. 'ಗೆದ್ದಿದ್ದೀನಿ! ನಿಜವಾಗಿ ಗೆದ್ದಿದ್ದೀನಿ!' ಆದರೆ ಮಾತಿನ ಮೊನಚು ಮಾತ್ರ ಇಳಿಯಲಿಲ್ಲ.

"ಇದನ್ನ ಹೇಳಾಕೆ ಒಂದು ವಾರ ಬೇಕಿತ್ತಾ?"

"ಇನ್ನೊಂದು ಹೇಳಾಕೆ ಆರು ತಿಂಗಳಾಯ್ತು..." ಅವನು ಕಂಟ್ರೋಲರ್ ಕೆಳಗಿಟ್ಟ. "ನಿಮ್ಮನ್ನ ಇಷ್ಟಪಡ್ತೀನಿ, ಧನುಶ್ರೀ. ಅದಕ್ಕೇ ಸೋತೆ ಅಂತ ಮಾತ್ರ ತಿಳ್ಕೊಬ್ಯಾಡ್ರಿ. ಇಷ್ಟಪಡ್ತೀನಿ, ಅದು ಬೇರೆ. ಸೋತೆ, ಅದು ಬೇರೆ."

ಅಂಗಡಿಯಲ್ಲಿ ಶಿಳ್ಳೆಯೋ ಶಿಳ್ಳೆ!

ಧನುಶ್ರೀ ವಾರದ ಹಿಂದೆ ಚಾಚಿದ್ದ ಹಾಗೆಯೇ ಬಲಗೈ ಚಾಚಿದಳು.

ದುರುಗೇಶ್ ಆ ಕೈ ಹಿಡಿದ. ಹಿಡಿದು ಮೇಲೆತ್ತಿದ. ಅವಳ ಬೆರಳುಗಳು ಫ್ಯಾನಿಗೆ ತಗುಲುತ್ತವೇನೋ ಎನ್ನುವಷ್ಟು ಎತ್ತರಕ್ಕೆ!

"ಗೆದ್ದೋರು ಧನುಶ್ರೀ!"

ಅರುಣ್ ಕುಮಾರ್ ಅಲ್ಲೇ ಪೆನ್ನು ತೆಗೆದು, ಕಾಗದದಲ್ಲಿ ಅವಳ ಹೆಸರು ಬರೆದು ಶೀಲ್ಡಿಗೆ ಅಂಟಿಸಿದ. ವಿನಯ್ ಕುಮಾರ್ ಕಾಲರ್ ಇಳಿಸಿಕೊಂಡ.

"ರೀಮ್ಯಾಚ್! ರೀಮ್ಯಾಚ್!" ಎಂದು ಜನ ಕೂಗತೊಡಗಿದರು. ಕೆಂಚೇಶ್ ಎರಡು ಕುರ್ಚಿ ಎಳೆದು, ಎರಡರ ಮೇಲೂ ಕಂಟ್ರೋಲರ್ ಇಟ್ಟ. "ಬರ್ರಿ, ಕೂತ್ಕಳ್ರಿ ಇಬ್ಬರೂ!"

"ಕಬ್ಬಿನ ಹಾಲು ಕುಡ್ಕೊಂಡು ಐದು ನಿಮಿಷದಾಗೆ ಬರ್ತೀವಿ," ಎಂದಳು ಧನುಶ್ರೀ. ಒಂದು ಕೈಯಲ್ಲಿ ಶೀಲ್ಡ್. ಇನ್ನೊಂದು ಕೈಯನ್ನು ದುರುಗೇಶ್ ಇಳಿಸಿದ್ದ, ಬಿಟ್ಟಿರಲಿಲ್ಲ.

ಇಬ್ಬರೂ ಬಾಗಿಲು ದಾಟಿದರು. ಕಬ್ಬಿನ ಹಾಲಿನ ಗಾಡಿಯನ್ನೂ ದಾಟಿದರು. ಕತ್ತಲಗೆರೆ ಬಸ್ಸು ಹೊರಡಲು ನಿಂತಿತ್ತು. ಸಂಜೆ ಹಾಲು ಬರುವುದರೊಳಗೆ ಅವಳು ಡೈರಿಯಲ್ಲಿರಬೇಕು. ಅವಳು ಹತ್ತಿದಳು. ಅವನೂ ಹತ್ತಿದ!

"ನಿಮ್ಮ ಬೈಕು?"

"ಇರಲಿ ಬಿಡ್ರಿ, ನಾಳೆ ತಗೊಂಡು ಹೋಗ್ತೀನಿ."

ಬಸ್ಸು ಹೊರಟಿತು. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಆ ನಗು ಗಾಜಿನಲ್ಲಿ ಅವನಿಗೆ ಕಾಣಿಸಿತು.

"ನೀವು ಇನ್ನೂ ಉತ್ತರ ಕೊಡಲಿಲ್ಲ..." ಎಂದ ಅವನು.

"ನಮ್ಮಮ್ಮ ಕಸ್ತೂರಮ್ಮ ಅಂತ, ಬಾಳ ಜೋರು. ನಮ್ಮನೇಲಿ ಟೀ ಕುಡಿಯೋ ಧೈರ್ಯ ಐತಾ?"

"ಐತೆ!" ಎಂದವನು ಥಟ್ಟನೆ ಹಿಂದಕ್ಕೆ ನೋಡಿದ. "ಅಯ್ಯೋ, ಕೆಂಚೇಶ ಕಾಯ್ತಿರ್ತಾನೆ ಕಣ್ರಿ!"

ಧನುಶ್ರೀ ಅವನ ಭುಜಕ್ಕೆ ಮೆಲ್ಲಗೆ ತಲೆ ಒರಗಿಸಿದಳು.

"ಕಾಯ್ಲಿ ಬಿಡು. ಕಾಯಾಕೆ ಕಲಿಸಿದ್ದು ನೀನೇ ಅಲ್ವಾ?"